ಹಳೆ ಎರಡು ಸಾಕೆಟ್ ಸರ್ವರ್ ಬೋರ್ಡಿಗೆ ಆರು ಕೋರಿನ ಜಿಯಾನ್: ನಾನು ಮಾಡಿದ ಕ್ರಮ

ಎಲ್‌ಜಿಎ 1366 ಬೋರ್ಡಿನಿಂದ ಜೋಡಿ ಇ5520 ತೆಗೆದು ಜೋಡಿ ಎಕ್ಸ್5670 ಕೂರಿಸಿದ ಕೆಲಸ ಇದು. ಎರಡೂ ಇಂಟೆಲ್ಲಿನ ಜಿಯಾನ್ ಸರ್ವರ್ ಪ್ರೊಸೆಸರುಗಳು; ಮೊದಲನೆಯದು 5500 ಸರಣಿಯದು, ಎರಡನೆಯದು 5600 ಸರಣಿಯದು. 5500 ಸರಣಿ 2009ರದ್ದು, 45 ನ್ಯಾನೋಮೀಟರ್; 5600 ಸರಣಿ 2010ರದ್ದು, 32 ನ್ಯಾನೋಮೀಟರ್. ಸಾಕೆಟ್ ಅದೇ, ಚಿಪ್‌ಸೆಟ್ಟೂ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಅದೇ, ಅದರ ಹೆಸರೂ 5520. ಆದರೂ ಮೊದಲ ವರ್ಷದ ಕೆಲವು ಬೋರ್ಡುಗಳಲ್ಲಿ 5600 ಏಳುವುದೇ ಇಲ್ಲ.

ಹಾಗಾಗಿ ಪ್ರೊಸೆಸರಿಗೆ ದುಡ್ಡು ಕೊಡುವ ಮೊದಲು ಬೋರ್ಡಿನ ಮೇಲಿನ ರಿವಿಷನ್ ಸಂಖ್ಯೆ ಓದಿ, ತಯಾರಕರ ಪಟ್ಟಿಯೊಂದಿಗೆ ತಾಳೆ ನೋಡಿದೆ. ಎಚ್‌ಪಿ ಜೆಡ್800ನಂಥ ಯಂತ್ರದಲ್ಲಿ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಪರದೆಯಲ್ಲಿ ಅದರ ಮೊದಲು ಓಡುವ ಭಾಗವಾದ ಬೂಟ್ ಬ್ಲಾಕಿನ ದಿನಾಂಕವೇ ಸಾಕು. ಅದು 2009ರದ್ದಾದರೆ 5600 ನಡೆಯುವುದಿಲ್ಲ. ಬಯಾಸ್ ಅಪ್‌ಡೇಟ್ ಮಾಡಿದರೂ ಬೂಟ್ ಬ್ಲಾಕ್ ಬದಲಾಗದು.

ಎಸ್‌ಪಿ ರಸ್ತೆಯಂಥ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಕಡೆ ಬಿಡಿ ಪ್ರೊಸೆಸರ್ ಕೊಳ್ಳುವಾಗ ಲೋಹದ ಮುಚ್ಚಳದ ಮೇಲಿನ ಸಂಕೇತ ಓದಿ. ಎಕ್ಸ್5670 ಎಂದರೆ ಎಸ್‌ಎಲ್‌ಬಿವಿ7. ಎರಡರಲ್ಲೂ ಅದೇ ಇರಬೇಕು. ಕ್ಯೂ ಅಕ್ಷರದಿಂದ ಶುರುವಾದರೆ ಅದು ಪರೀಕ್ಷಾ ಮಾದರಿ, ಬೇಡ. ಒಂಟಿ ಸಾಕೆಟ್ಟಿನ ಬೋರ್ಡಿಗೆಂದಿರುವ ಡಬ್ಲ್ಯು3680 ಜಿಯಾನ್ ಅಗ್ಗಕ್ಕೆ ಸಿಕ್ಕರೂ ಬಿಡಿ: ಅದರಲ್ಲಿ ಕ್ಯೂಪಿಐ ಕೊಂಡಿ (ಪ್ರೊಸೆಸರನ್ನು ಚಿಪ್‌ಸೆಟ್ಟಿಗೂ ಇನ್ನೊಂದು ಪ್ರೊಸೆಸರಿಗೂ ಜೋಡಿಸುವ ದಾರಿ) ಒಂದೇ, ಪಕ್ಕದ ಸಾಕೆಟ್ಟಿನ ಜತೆ ಮಾತಾಡಲು ದಾರಿಯಿಲ್ಲ. ಒಂದು 5500, ಒಂದು 5600 ಎಂದು ಬೆರೆಸುವುದೂ ಆಗದು.

ಇನ್ನು ವೋಲ್ಟೇಜ್. ಇಂಥ ಬೋರ್ಡುಗಳಲ್ಲಿ ಕೋರ್ ವೋಲ್ಟೇಜನ್ನು ನಾವು ಹೊಂದಿಸಬೇಕಿಲ್ಲ. ತನಗೆಷ್ಟು ಬೇಕೆಂದು ಪ್ರೊಸೆಸರೇ ಎಂಟು ಬಿಟ್‌ಗಳ ವಿಐಡಿ ಸಂಕೇತದಲ್ಲಿ ಬೋರ್ಡಿನ ವೋಲ್ಟೇಜ್ ರೆಗ್ಯುಲೇಟರಿಗೆ ಹೇಳುತ್ತದೆ, 6.25 ಮಿಲಿವೋಲ್ಟಿನ ಹೆಜ್ಜೆಗಳಲ್ಲಿ. ತೊಂದರೆ ಬರುವುದು ಕರೆಂಟಿನಲ್ಲಿ. ಸುಮಾರು 1.1 ವೋಲ್ಟಿನಲ್ಲಿ 95 ವ್ಯಾಟಿನ ಎಕ್ಸ್5670ಗೆ 86 ಆಂಪಿಯರ್ ಬೇಕು, 130 ವ್ಯಾಟಿನ ಎಕ್ಸ್5690ಗೆ 118. ರೆಗ್ಯುಲೇಟರನ್ನು 95 ವ್ಯಾಟಿಗೆಂದೇ ಕಟ್ಟಿದ ಬೋರ್ಡಿಗೆ ಇದು ಹೊರಲಾಗದ ಹೊರೆ. ಆದ್ದರಿಂದ ನಾನು 95 ದಾಟಲಿಲ್ಲ. ದಿನವಿಡೀ ಯುಪಿಎಸ್ ಮೇಲೆ ಓಡುವ ಯಂತ್ರವಾದರೆ 60 ವ್ಯಾಟಿನ ಎಲ್5640 ಇನ್ನೂ ಒಳ್ಳೆಯದು.

ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) ಎರಡು ಎಂಟು ಪಿನ್ನಿನ ಸಿಪಿಯು ಕನೆಕ್ಟರ್ ಬೇಕು, ಸಾಕೆಟ್ಟಿಗೊಂದು. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ ನೋಡಲು ಅದರಂತೆಯೇ ಇದ್ದರೂ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಒತ್ತಿ ತುರುಕಿದರೆ ನೇರ ಶಾರ್ಟ್. ಲೋಡಿನಲ್ಲಿ ಮಲ್ಟಿಮೀಟರ್ 11.4ರಿಂದ 12.6 ವೋಲ್ಟ್ ಒಳಗೇ ತೋರಿಸಬೇಕು.

ಬಯಾಸ್ ಅಪ್‌ಡೇಟನ್ನು ಹಳೆ ಪ್ರೊಸೆಸರ್ ಇರುವಾಗಲೇ ಮುಗಿಸಿದೆ, ಬಿಎಂಸಿ (ಸರ್ವರನ್ನು ದೂರದಿಂದ ನಿಭಾಯಿಸುವ ಚಿಪ್) ಫರ್ಮ್‌ವೇರ್ ಸಹಿತ. ಆಮೇಲೆ ಪವರ್ ಕಿತ್ತು, ಸಿಆರ್2032 ಬ್ಯಾಟರಿ ಬದಲಿಸಿ, ಸಿಮಾಸ್ (ಬಯಾಸ್ ಸೆಟ್ಟಿಂಗುಗಳು ಉಳಿಯುವ ಜಾಗ) ತೆರವು ಮಾಡಿದೆ. ಮೊದಲು ಒಂದನೇ ಸಾಕೆಟ್ಟಿಗೆ ಮಾತ್ರ ಹೊಸ ಪ್ರೊಸೆಸರ್, ಅದರ ಪಾಲಿನ ಸ್ಲಾಟಿನಲ್ಲಿ ಒಂದೇ ರ‍್ಯಾಮ್. ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗೇ ಇರುವುದರಿಂದ ಎರಡನೇ ಸಾಕೆಟ್ ಖಾಲಿಯಿದ್ದರೆ ಅದರ ಸ್ಲಾಟುಗಳು ಸತ್ತಂತೆಯೇ. ಮೊದಲ ಸಲ ಪರದೆ ಬರಲು ಕೆಲವು ನಿಮಿಷ ಹಿಡಿಯಬಹುದು. ನಡುವೆ ಆಫ್ ಮಾಡಬೇಡಿ.

ಎರಡೂ ಕೂತ ಮೇಲೆ ಎರಡನೇ ಪ್ರೊಸೆಸರಿನ ಒಂದು ಚಾನೆಲ್ಲಿನ (ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ದಾರಿ) ರ‍್ಯಾಮ್ ಕಾಣೆಯಾಯಿತು. ಈ ಸಾಕೆಟ್ಟಿನಲ್ಲಿ ಇದಕ್ಕೆ ಕಾರಣ ಸಾಮಾನ್ಯವಾಗಿ ಮೂರು: ಬಾಗಿದ ಪಿನ್, ಪ್ರೊಸೆಸರಿನ ಅಡಿಗೆ ಅಂಟಿದ ಥರ್ಮಲ್ ಪೇಸ್ಟ್, ಹೀಟ್‌ಸಿಂಕಿನ ಓರೆ ಒತ್ತಡ. ಭೂತಗನ್ನಡಿಯಲ್ಲಿ ಪಿನ್ನುಗಳು ಸರಿಯಿದ್ದವು. ಹೀಟ್‌ಸಿಂಕಿನ ನಾಲ್ಕೂ ಸ್ಕ್ರೂ ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಸುತ್ತು ಬಿಗಿದಾಗ ಚಾನೆಲ್ ಮರಳಿತು.

1.35 ವೋಲ್ಟಿನ ಡಿಡಿಆರ್3 ರ‍್ಯಾಮನ್ನು ಆ ವೋಲ್ಟೇಜಿನಲ್ಲೇ ಓಡಿಸಬಲ್ಲದ್ದು 5600 ಮಾತ್ರ. ನಡುವೆ 1.5 ವೋಲ್ಟಿನ ಒಂದೇ ಒಂದು ಕಡ್ಡಿ ಸೇರಿದರೂ ಎಲ್ಲವೂ 1.5ಕ್ಕೆ ಏರುತ್ತವೆ. ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ ಎಂಬ ಎರಡು ಬಗೆಯ ಕಡ್ಡಿಗಳನ್ನು ಕೂಡಿಸುವಂತಿಲ್ಲ.

ಲಿನಕ್ಸಿನಲ್ಲಿ ನೋಡಿದಾಗ ಪ್ರೊಸೆಸರಿನ ಮಾಡೆಲ್ ಸಂಖ್ಯೆ ಹಳೆಯ 26ರ ಜಾಗದಲ್ಲಿ 44, ಒಟ್ಟು 24 ಥ್ರೆಡ್. ತೆಗೆದ ಇ5520ಗಳಲ್ಲಿ ಒಂದನ್ನು ಮಾರದೆ ಎತ್ತಿಟ್ಟಿದ್ದೇನೆ; ಯಾವತ್ತಾದರೂ ಬಯಾಸ್ ಹಳೆಯದಕ್ಕೆ ಮರಳಿದರೆ ಬೋರ್ಡನ್ನು ಎಬ್ಬಿಸಲು ಅದು ಬೇಕಾಗುತ್ತದೆ.