ಕಾಲು ಅಂದರೆ ಫೂಸ್: ಜರ್ಮನಿಗೆ ಹೊರಟ ಕಲಬುರಗಿ ಕಡೆಯವರಿಗೆ

ಎಳ್ಳ ಅಮವಾಸ್ಯೆಗೆ ಈ ಸಲ ಜರ್ಮನಿಯಿಂದ ಊರಿಗೆ ಬಂದಿದ್ದೇನೆ. ಬಂದ ಮೂರನೇ ದಿನಕ್ಕೇ ಮನೆ ಅಂಗಳ ತುಂಬಿತು. ಇಬ್ಬರು ಹುಡುಗಿಯರು ಯಾದಗಿರಿಯ ಗುರುಮಠಕಲ್ ಕಡೆಯವರು, ನರ್ಸಿಂಗ್ ಮುಗಿಸಿದವರು. ಹುಮನಾಬಾದಿನಿಂದ ಒಬ್ಬ ಹುಡುಗ, ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದ್ದಾನೆ. ಇನ್ನೊಬ್ಬಳು ಹೊಸದಾಗಿ ಮದುವೆಯಾದವಳು, ಗಂಡ ಮ್ಯೂನಿಕ್‌ನಲ್ಲಿದ್ದಾನೆ. ಎಲ್ಲರ ಕೈಯಲ್ಲೂ ಫೈಲು. ಎಲ್ಲರ ಪ್ರಶ್ನೆಯೂ ಒಂದೇ. "ಅಕ್ಕಾ, ಬಿ2 ಎಷ್ಟು ತಿಂಗಳದಾಗ ಆಗ್ತದ?" ಜರ್ಮನ್ ಎಷ್ಟು ಬರುತ್ತದೆ ಅಂತ ಅಳೆಯುವ ಮೆಟ್ಟಿಲುಗಳು ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಎಲ್ಲಕ್ಕಿಂತ ಕೆಳಗಿನದು, ಬಿ2 ನಾಲ್ಕನೆಯದು.

ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಕೇಳಬಾರದ ಪ್ರಶ್ನೆ ಅದು ಅಂತ ಆಗ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೊರಡುವವರಿಗೂ, ಈಗಾಗಲೇ ಅಲ್ಲಿ ಇಳಿದು ಕಂಗಾಲಾಗಿ ಕೂತವರಿಗೂ.

ಮೊದಲು ನನ್ನ ಕಥೆ. ಕಲಬುರಗಿಯಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದಿ, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಬೆಂಗಳೂರಿನ ಒಂದು ಸಂಸ್ಥೆ "ಆರೇ ತಿಂಗಳಲ್ಲಿ ಬಿ2" ಅಂದಿತು. ಅಪ್ಪ ಹೊಲದ ಮೇಲೆ ಸಾಲ ತಂದು ದುಡ್ಡು ಕಟ್ಟಿದರು. ಆ ವರ್ಷ ತೊಗರಿಯೂ ಕೈಕೊಟ್ಟಿತ್ತು. ಆರು ತಿಂಗಳು ನಾನು ಕಲಿತದ್ದು ಜರ್ಮನ್ ಅಲ್ಲ, ಪರೀಕ್ಷೆ. ಪತ್ರ ಬರೆಯುವ ನಾಲ್ಕು ಮಾದರಿ ಬಾಯಿಪಾಠ ಮಾಡಿದೆ. ಮಾತಾಡುವ ಭಾಗಕ್ಕೆ ಎಂಟು ವಿಷಯ ಉರು ಹೊಡೆದೆ. ಎರಡನೇ ಸಲಕ್ಕೆ ಪಾಸಾದೆ. 2016ರ ಚಳಿಗಾಲದಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನ ಆಸ್ಪತ್ರೆಗೆ ಹೋಗಿ ನಿಂತೆ.

ಎರಡನೇ ವಾರ. ಎಂಬತ್ತು ದಾಟಿದ ಒಬ್ಬ ಅಜ್ಜಿ, ಸೊಂಟದ ಆಪರೇಷನ್ ಆಗಿತ್ತು. ರಾತ್ರಿ ಗಂಟೆ ಒತ್ತಿದರು. ಹೋದೆ. "ಫೂಸ್" ನೋಯುತ್ತಿದೆ ಅಂದರು. ಪುಸ್ತಕದಲ್ಲಿ ಫೂಸ್ ಅಂದರೆ ಪಾದ. ಹೊದಿಕೆಯ ತುದಿ ಎತ್ತಿ ಎರಡೂ ಪಾದ ನೋಡಿದೆ. ಹಿಮ್ಮಡಿ ಮುಟ್ಟಿ ನೋಡಿದೆ. ಏನೂ ಇರಲಿಲ್ಲ. ಒಂದು ದಿಂಬು ಕೊಟ್ಟು, "ಪಾದ ನೋವು, ಪಾದ ಸರಿ ಇದೆ" ಅಂತ ಬರೆದು ಬಂದೆ. ಬೆಳಿಗ್ಗೆ ಪಾಳಿ ಬದಲಾಗುವಾಗ ಹಿರಿಯ ನರ್ಸ್ ಅದನ್ನು ಓದಿದವರೇ ಎದ್ದು ಹೋಗಿ ಇಡೀ ಹೊದಿಕೆ ತೆಗೆದರು. ಎಡ ಮೀನಖಂಡ ಊದಿ ಬಿಗಿದಿತ್ತು, ಮುಟ್ಟಿದರೆ ಬಿಸಿ. ರಕ್ತ ಹೆಪ್ಪುಗಟ್ಟಿರುವ ಅನುಮಾನ. ಕೂಡಲೇ ಸ್ಕ್ಯಾನಿಂಗ್‌ಗೆ ಕಳಿಸಿದರು. ಅಜ್ಜಿ ಉಳಿದರು. ನನ್ನ ಕೈ ಸಂಜೆವರೆಗೂ ನಡುಗುತ್ತಿತ್ತು.

ಆ ಸೀಮೆಯ ಆಡುಮಾತು ಶ್ವೇಬಿಶ್. ಅದರಲ್ಲಿ ಫೂಸ್ ಅಂದರೆ ಪಾದ ಮಾತ್ರ ಅಲ್ಲ, ತೊಡೆಯಿಂದ ಬೆರಳಿನವರೆಗೆ ಇಡೀ ಕಾಲು. ನಮ್ಮ "ಕಾಲು" ಇದ್ದ ಹಾಗೆಯೇ! ನಮ್ಮವ್ವ "ಕಾಲು ನೋಯ್ಲತ್ತಾವ" ಅಂದರೆ ನಾನು ಬರೀ ಪಾದ ನೋಡಿ ಬರುತ್ತೇನಾ? ಎಲ್ಲಿ, ಮೊಣಕಾಲಾ, ಮೀನಖಂಡನಾ ಅಂತ ಕೇಳುತ್ತೇನೆ. ಆ ಅಜ್ಜಿಗೂ ಅದೊಂದೇ ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳಿದರೆ ನನಗೆ ಭಾಷೆ ಬರಲ್ಲ ಅಂತ ಗೊತ್ತಾಗುತ್ತೆ ಅನ್ನೋ ನಾಚಿಕೆ. ಬಿ2 ಸರ್ಟಿಫಿಕೇಟು ಆ ನಾಚಿಕೆಯನ್ನು ಇನ್ನೂ ಜಾಸ್ತಿ ಮಾಡಿತ್ತು.

ನಮ್ಮ ಕಡೆಯವರಿಗೆ ಭಾಷೆಯ ಹೆದರಿಕೆ ಇಲ್ಲ. ಆಳಂದ ದಾಟಿದರೆ ಮರಾಠಿ, ಸೇಡಂ ಕಡೆ ಹೋದರೆ ತೆಲುಗು, ಓಣಿಯಲ್ಲಿ ದಖನಿ. ಬೀದರಿನವರಿಗಂತೂ ಮೂರೂ ಬೇಕು. ಅವ್ವ ಶಾಲೆಯ ಮುಖ ನೋಡಿದವಳಲ್ಲ, ಆದರೆ ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾಳೆ. ಜರ್ಮನ್ ಕೂಡ ಹಾಗೇ ಕಿವಿಗೆ ಬಿದ್ದು ಬಿದ್ದು ಬರುತ್ತೆ ಅಂತ ನಂಬಿದ್ದೆ. ಬರಲಿಲ್ಲ. ಇಲ್ಲಿ ಆ ಭಾಷೆಗಳು ನಮ್ಮ ಕಟ್ಟೆಗೇ ಬಂದು ಕೂತು ಮಾತಾಡುತ್ತಿದ್ದವು. ಅಲ್ಲಿ ಪಕ್ಕದ ಮನೆಯವರು ಮೆಟ್ಟಿಲಲ್ಲಿ "ಹಲೋ" ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅಂಗಡಿಯಲ್ಲಿ ಬಾಯಿ ಬಿಡದೆ ಸಾಮಾನು ತರಬಹುದು. ಭಾಷೆ ಇಲ್ಲದೆಯೂ ವರ್ಷಗಟ್ಟಲೆ ಬದುಕಬಹುದು. ಹಾಗೆ ಬದುಕಲು ಆಗುತ್ತದಲ್ಲ, ಅದೇ ನನ್ನನ್ನು ಕೆಡಿಸಿದ್ದು.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಲು ಬಿ2 ಬೇಕು. ಡಾಕ್ಟರಿಗೆ ಬಿ2 ಜೊತೆಗೆ ಸಿ1 ಮಟ್ಟದ ವೈದ್ಯಕೀಯ ಭಾಷೆಯ ಪರೀಕ್ಷೆ. ಗಂಡನ ಅಥವಾ ಹೆಂಡತಿಯ ಹತ್ತಿರ ಹೋಗುವವರಿಗೆ ಸಾಮಾನ್ಯವಾಗಿ ಎ1. ಸಂಗಾತಿಗೆ ಬ್ಲೂ ಕಾರ್ಡ್ (ಹೆಚ್ಚು ಓದಿ ಒಳ್ಳೆ ಸಂಬಳದ ಕೆಲಸಕ್ಕೆ ಬಂದವರಿಗೆ ಕೊಡುವ ವಾಸದ ಪರವಾನಗಿ) ಇದ್ದರೆ ಅದೂ ಬೇಡ. ಬ್ಲೂ ಕಾರ್ಡ್‌ನವರಿಗೆ ಬಿ1 ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಎ1 ಮಾತ್ರ ಇದ್ದರೆ 27 ತಿಂಗಳು. ಜರ್ಮನ್ ಭಾಷೆಯ ಗೋಥೆ ಪರೀಕ್ಷೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗುವ ನಮ್ಮ ಕಡೆಯವರು ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಒಂದು ದಿನ ಮುಂಚೆ ಹೋಗಿ ಮಲಗಿ, ನಿದ್ದೆಗೆಟ್ಟು ಪರೀಕ್ಷೆಗೆ ಕೂರಬೇಡಿ. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ಒಂದೊಂದರಲ್ಲೂ 100ಕ್ಕೆ 60 ಬೇಕು. ಬಿ2ನಲ್ಲಿ ಈಗ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಹುದು. ಅಷ್ಟು ಸಾಕು.

ಏಜೆಂಟರ ಬಗ್ಗೆ ಮಾತ್ರ ನಿಂತು ಕೇಳಿ. ನಾನು ಸಹಿ ಹಾಕಿದ ಒಪ್ಪಂದ ಹನ್ನೊಂದು ಪುಟ. ಓದಲಿಲ್ಲ. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಖರ್ಚೆಲ್ಲ ವಾಪಸು ಕೊಡಬೇಕು ಅಂತ ಒಂಬತ್ತನೇ ಪುಟದಲ್ಲಿತ್ತು. ಆ ಒಂದು ಸಾಲಿಗೆ ಹೆದರಿ, ಇರಬಾರದ ಕಡೆ ಎರಡು ವರ್ಷ ಜಾಸ್ತಿ ಕೂತೆ. ನರ್ಸುಗಳನ್ನು ನ್ಯಾಯವಾಗಿ ಕರೆಸಿಕೊಳ್ಳುವ ಸಂಸ್ಥೆಗಳಿಗೆ ಜರ್ಮನಿಯಲ್ಲಿ ಈಗ ಸರ್ಕಾರದ ಒಂದು ಗುಣಮುದ್ರೆ ಇದೆ. ಅದರ ನಿಯಮದ ಪ್ರಕಾರ ಕರೆಸಿಕೊಳ್ಳುವ ಖರ್ಚು ಮಾಲೀಕರದು, ನಿಮ್ಮದಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಆ ಮುದ್ರೆ ಇದೆಯಾ ಅಂತ ಮೊದಲು ಕೇಳಿ. ಹೊಲ ಅಡ ಇಡಬೇಡಿ. ದಯವಿಟ್ಟು ಇಡಬೇಡಿ.

ಈಗ ತರಬೇತಿ. ಇಲ್ಲಿಂದ ನರ್ಸ್ ಆಗಿ ಹೋದರೂ ಅಲ್ಲಿ ಕೂಡಲೇ ನರ್ಸ್ ಅಲ್ಲ. ನಿಮ್ಮ ಓದನ್ನು ಅವರ ಓದಿಗೆ ಹೋಲಿಸಿ, ಇಷ್ಟು ಕಡಿಮೆ ಇದೆ ಅಂತ ಒಂದು ಪತ್ರ ಕೊಡುತ್ತಾರೆ. ಆಮೇಲೆ ಎರಡು ದಾರಿ: ಹೊಂದಾಣಿಕೆ ತರಬೇತಿ, ಇಲ್ಲಾಂದ್ರೆ ಜ್ಞಾನ ಪರೀಕ್ಷೆ. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ನಾನು ಪರೀಕ್ಷೆ ಆರಿಸಿಕೊಂಡೆ. ಬೇಗ ಮುಗಿಯುತ್ತೆ ಅಂತ. ಫೇಲಾದೆ.

ಯಾಕೆ ಫೇಲಾದೆ ಅಂತ ಹೇಳಲೇಬೇಕು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು ಮನೆಯವರ ಕೆಲಸ. ವಾರ್ಡಿನಲ್ಲಿ ಒಬ್ಬ ರೋಗಿಗೆ ನಾಲ್ಕು ಜನ ನೆಂಟರು ಇರುತ್ತಾರೆ. ನಾವು ಇಂಜೆಕ್ಷನ್, ಸಲೈನ್, ಔಷಧಿ ನೋಡುತ್ತೇವೆ. ಅಲ್ಲಿ ತಿರುಗು ಮುರುಗು. ಮೈ ಒರೆಸುವುದು, ಹಲ್ಲುಜ್ಜಿಸುವುದು, ಮಗ್ಗುಲು ಬದಲಿಸುವುದು ನರ್ಸಿನ ಮುಖ್ಯ ವಿದ್ಯೆ. ರಕ್ತನಾಳಕ್ಕೆ ಸೂಜಿ ಹಾಕುವುದು ಹೆಚ್ಚಾಗಿ ಡಾಕ್ಟರ ಕೆಲಸ. "ಇಷ್ಟು ಓದಿ ಇದನ್ನು ಮಾಡಬೇಕಾ" ಅಂತ ನಾನು ಅತ್ತಿದ್ದೇನೆ. ಆ ಅಳು ತಪ್ಪು ಅಂತ ಈಗ ಗೊತ್ತಾಗಿದೆ. ಮೈ ಒರೆಸುವಾಗಲೇ ಬೆನ್ನಿನ ಹುಣ್ಣು ಕಾಣುವುದು. ಆಗಲೇ ರೋಗಿ ಮನಸ್ಸು ಬಿಚ್ಚುವುದು.

ಪರೀಕ್ಷೆಯ ದಿನ ನಾನು ಒಬ್ಬ ತಾತನಿಗೆ ಮೈ ಒರೆಸಿದೆ. ಚೆನ್ನಾಗಿ, ಬೇಗ, ಬಾಯಿ ಮುಚ್ಚಿಕೊಂಡು. ಪರೀಕ್ಷಕರು ಬರೆದದ್ದು ಒಂದೇ ಮಾತು: ರೋಗಿಯ ಜೊತೆ ಮಾತಾಡಲಿಲ್ಲ. "ಈಗ ನಿಮ್ಮ ಎಡಗೈ ಎತ್ತುತ್ತೇನೆ", "ನೀರು ಬಿಸಿ ಸರಿ ಇದೆಯಾ", "ಈಗ ಆ ಕಡೆ ಹೊರಳೋಣವಾ" ಅಂತ ಹೆಜ್ಜೆ ಹೆಜ್ಜೆಗೂ ಹೇಳಬೇಕು. ಹೇಳದೆ ಒಬ್ಬರ ಮೈ ಮುಟ್ಟಬಾರದು. ಬಿ2 ಪರೀಕ್ಷೆಯಲ್ಲಿ ಪರಿಸರ ಮಾಲಿನ್ಯದ ಬಗ್ಗೆ ಮಾತಾಡಿದ್ದ ನನಗೆ "ಕೈ ಎತ್ತಿ" ಅನ್ನುವುದು ಬಾಯಿಗೆ ಬರಲಿಲ್ಲ. ಇನ್ನು ಒಂದೇ ಅವಕಾಶ ಉಳಿದಿತ್ತು. ಮುಂದಿನ ಐದು ತಿಂಗಳು ದಿನಾ ರಾತ್ರಿ ನನ್ನ ಗಂಡನನ್ನು ಮಂಚದ ಮೇಲೆ ಮಲಗಿಸಿ ಜರ್ಮನ್‌ನಲ್ಲಿ ಮಾತಾಡುತ್ತಾ ಮೈ ಒರೆಸಿದೆ. ಪಾಸಾದೆ.

ನಿಜವಾಗಿ ಭಾಷೆ ತೆರೆದುಕೊಂಡದ್ದು ಆ ಐದು ತಿಂಗಳಲ್ಲಿ. ತೆರೆದದ್ದು ಕನ್ನಡ. ಅಲ್ಲಿಯವರೆಗೆ ನಾನು ಮನಸ್ಸಿನಲ್ಲಿ ಇಂಗ್ಲಿಷ್ ಮಾಡಿಕೊಂಡು ಅದನ್ನು ಜರ್ಮನ್‌ಗೆ ತಿರುಗಿಸುತ್ತಿದ್ದೆ. ಚಳಿ ಆದರೆ ಇಂಗ್ಲಿಷಿನಲ್ಲಿ "ನಾನು ಚಳಿ ಇದ್ದೇನೆ" ಅನ್ನುವ ಹಾಗೆ ಹೇಳುತ್ತಾರಲ್ಲ, ಅದನ್ನೇ ಜರ್ಮನ್‌ನಲ್ಲಿ ಹೇಳಿದೆ. ಜನ ಮುಖ ಮುಖ ನೋಡಿದರು. ಅವರು ಹೇಳುವುದು "ಮಿರ್ ಇಸ್ಟ್ ಕಾಲ್ಟ್". ಮಿರ್ ಅಂದರೆ ನನಗೆ. ನನಗೆ ಚಳಿ. ಅಪ್ಪಟ ಕನ್ನಡದ ವಾಕ್ಯ! ಹೊಟ್ಟೆ ತೊಳಸಿದರೆ "ಮಿರ್ ಇಸ್ಟ್ ಶ್ಲೆಖ್ಟ್", ಅಲ್ಲೂ "ನನಗೆ". "ಯಾಕಂದ್ರೆ ನನಗೆ ಸಮಯ ಇಲ್ಲ" ಅನ್ನುವಂಥ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಹಾಗೆಯೇ. ಇಂಗ್ಲಿಷ್ ಮೀಡಿಯಮ್ಮಿನವರು ಇದಕ್ಕೆ ತಿಣುಕುತ್ತಾರೆ. ನೀನು, ನೀವು ಅನ್ನುವ ಭೇದವೂ ಅಲ್ಲಿದೆ: ಡು ಮತ್ತು ಜೀ. ಮಾತಿಗೊಂದು "ರೀ" ಹಚ್ಚುವ ನಮಗೆ ಇದನ್ನು ಯಾರು ಕಲಿಸಬೇಕು? ರೋಗಿಗೆ ಯಾವಾಗಲೂ ಜೀ.

ಸಂಖ್ಯೆ ಮಾತ್ರ ಕಷ್ಟ. ಐವತ್ನಾಲ್ಕು ಅನ್ನಲು ಅವರು "ನಾಲ್ಕು ಮತ್ತು ಐವತ್ತು" ಅನ್ನುತ್ತಾರೆ. ಫೋನಿನಲ್ಲಿ ಕೇಳಿ 45 ಅಂತ ಬರೆಯುವುದು ಕ್ಷಣದ ಕೆಲಸ. ಪೂರ್ತಿ ಕೇಳಿಸಿಕೊಂಡು ಆಮೇಲೆ ಪೆನ್ನು ಇಡಿ. ತಿರುಗಿ ಓದಿ ಹೇಳಿ. ಇದು ನಾಚಿಕೆಯ ವಿಷಯ ಅಲ್ಲ, ಅಲ್ಲಿಯವರೂ ಮಾಡುತ್ತಾರೆ.

ಹುಮನಾಬಾದಿನ ಹುಡುಗನಿಗೆ ಬೇರೆ ಮಾತು ಹೇಳಿದೆ. ಅವನ ಅಪ್ಪ ಜೊತೆಗೇ ಬಂದಿದ್ದರು. "ಐಟಿಐ ಓದಿದವನಿಗೆ ಅಲ್ಲಿ ಯಾರ ಕೇಳ್ತಾರ?" ಅಂದರು. ಅಲ್ಲಿ ಕೇಳುತ್ತಾರೆ. ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ಇದೆ, ಅದಕ್ಕೆ ಆಉಸ್‌ಬಿಲ್ಡುಂಗ್ ಅಂತ ಕರೆಯುತ್ತಾರೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿಯಲ್ಲಿ ಕೆಲಸ. ಎಲೆಕ್ಟ್ರಿಷಿಯನ್‌ಗೆ ಮೂರೂವರೆ ವರ್ಷ, ನರ್ಸಿಂಗ್‌ಗೆ ಮೂರು. ಕಲಿಯುವಾಗಲೇ ಸಂಬಳ. ಸರ್ಕಾರಿ ವೇತನ ಒಪ್ಪಂದವಿರುವ ಆಸ್ಪತ್ರೆಗಳಲ್ಲಿ ನರ್ಸಿಂಗ್ ಕಲಿಯುವವರಿಗೆ ಮೊದಲ ವರ್ಷವೇ ತಿಂಗಳಿಗೆ 1,300 ಯೂರೋ ದಾಟುತ್ತದೆ, ತೆರಿಗೆ ಕಳೆಯುವ ಮೊದಲು. ವೀಸಾಕ್ಕೆ ಸಾಮಾನ್ಯವಾಗಿ ಬಿ1 ಕೇಳುತ್ತಾರೆ. ಆದರೆ ಆ ಶಾಲೆಯ ಪಾಠ, ಪರೀಕ್ಷೆ ಎಲ್ಲ ಜರ್ಮನ್‌ನಲ್ಲೇ. ಬರೀ ಬಿ1 ಹಿಡಿದು ಹೋದವರು ಮೊದಲ ವರ್ಷ ತತ್ತರಿಸುತ್ತಾರೆ. ಬಿ2 ಅರ್ಧಕ್ಕಾದರೂ ಮುಟ್ಟಿ ಹೋಗು ಅಂದೆ. ನಮ್ಮಲ್ಲಿ ಕೈಯಲ್ಲಿ ಕೆಲಸ ಮಾಡುವವನಿಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಾರೆ. ಬೀದರಿನಲ್ಲಿ ಬಿದರಿ ಮಾಡುವವರ ಕೈ ನೋಡಿ ಬೆಳೆದ ನಾವು ಹಾಗೆ ಯೋಚಿಸಬಾರದು.

ಮದುವೆಯಾಗಿ ಹೋಗುವವಳಿಗೆ ಹೇಳಿದ್ದು ಇದು: ಹೋದ ತಿಂಗಳೇ ಇಂಟಿಗ್ರೇಷನ್ ಕೋರ್ಸಿಗೆ, ಅಂದರೆ ಹೊರಗಿನಿಂದ ಬಂದವರಿಗೆ ಅಂತಲೇ ಇರುವ ಕ್ಲಾಸಿಗೆ ಸೇರು. 600 ತಾಸು ಭಾಷೆ, 100 ತಾಸು ಆ ದೇಶದ ಕಾನೂನು, ಇತಿಹಾಸ. ಒಂದು ತಾಸು ಅಂದರೆ 45 ನಿಮಿಷ. ಕೊನೆಗೆ ಬಿ1 ಪರೀಕ್ಷೆ, ಜೊತೆಗೆ ಆ ದೇಶದ ಬಗ್ಗೆ 33 ಪ್ರಶ್ನೆಯ ಇನ್ನೊಂದು. 15 ಸರಿಯಾದರೆ ಪಾಸು, ಮುಂದೆ ಪೌರತ್ವ ಬೇಕಾದರೆ 17. "ಗಂಡ ಐಟಿಯಲ್ಲಿದ್ದಾನೆ, ಇಂಗ್ಲಿಷ್ ಸಾಕು" ಅಂತ ಕೂರಬೇಡ. ಗಂಡ ಆಫೀಸಿಗೆ ಹೋದ ಮೇಲೆ ಡಾಕ್ಟರ ಹತ್ತಿರ, ಮಗುವಿನ ಶಾಲೆಗೆ ಹೋಗುವವಳು ನೀನು. ಆ ಕ್ಲಾಸಿನಲ್ಲಿ ಸಿರಿಯಾದವರು, ಉಕ್ರೇನಿನವರು ನಿನ್ನ ಹಾಗೆಯೇ ತಡವರಿಸುತ್ತಿರುತ್ತಾರೆ. ನನಗೆ ಜರ್ಮನಿಯಲ್ಲಿ ಸಿಕ್ಕ ಮೊದಲ ಗೆಳತಿ ಸಿರಿಯಾದ ಅಲೆಪ್ಪೊ ಊರಿನ ಒಬ್ಬ ದರ್ಜಿ.

ಒಂದು ತಪ್ಪು ಮಾತ್ರ ಇನ್ನೂ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದೆ. 2018ರಲ್ಲಿ ಮಗ ಹುಟ್ಟಿದ. ನನ್ನ ಜರ್ಮನ್ ಸುಧಾರಿಸಲಿ, ಅವನೂ ಶಾಲೆಯಲ್ಲಿ ಹಿಂದೆ ಬೀಳದಿರಲಿ ಅಂತ ಮನೆಯಲ್ಲಿ ಅವನ ಜೊತೆ ಜರ್ಮನ್ ಶುರು ಮಾಡಿದೆ. ಅದೂ ನನ್ನ ಮುರುಕು ಜರ್ಮನ್. ಮೂರು ವರ್ಷಕ್ಕೆ ಶಿಶುವಿಹಾರದ ಟೀಚರ್ ನನ್ನನ್ನು ಕೂರಿಸಿ ಹೇಳಿದರು: ಜರ್ಮನ್ ನಾವು ಕಲಿಸುತ್ತೇವೆ, ನೀವು ಮನೆಯಲ್ಲಿ ನಿಮ್ಮ ಭಾಷೆ ಮಾತಾಡಿ. ಮನೆಗೆ ಬಂದು "ಬಾ ಅಪ್ಪಿ, ಊಟ ಮಾಡು" ಅಂದೆ. ಯಾರೋ ಬೇರೆಯವರು ಮಾತಾಡಿದ ಹಾಗೆ ನನ್ನನ್ನೇ ನೋಡಿದ.

ಈಗ ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದಿಲ್ಲ. ಮೊನ್ನೆ ಹೊಲದಲ್ಲಿ ಎಲ್ಲರೂ ಭಜ್ಜಿ, ಸಜ್ಜೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆವು. ಅವ್ವ ಅವನ ಪಕ್ಕ ಬಂದು "ಯಾಕೋ ಅಪ್ಪಿ, ಸುಮ್ನೆ ಕುಂತಿ, ಏನ್ ಮಾಡ್ಲತ್ತಿ?" ಅಂದಳು. ಅವನು ನನ್ನ ಕಡೆ ನೋಡಿ ಜರ್ಮನ್‌ನಲ್ಲಿ ಉತ್ತರ ಕೊಟ್ಟ. ಮೂರು ಭಾಷೆಯಲ್ಲಿ ಸಂತೆ ಗೆಲ್ಲುವ ಅವ್ವ, ಮೊಮ್ಮಗನ ಮಾತಿಗೆ ನನ್ನ ಬಾಯಿ ಕಾಯುತ್ತಾ ಕೂತಳು.

ಇನ್ನು ಹದಿನೆಂಟು ದಿನ ಇಲ್ಲೇ ಇರುತ್ತೇನೆ. ದಿನಾ ಸಂಜೆ ಐದಕ್ಕೆ ಅಂಗಳದಲ್ಲಿ ಕೂರೋಣ ಅಂತ ಆ ಮಕ್ಕಳಿಗೆ ಹೇಳಿದ್ದೇನೆ. ಬಾಯಿಪಾಠದ ಪತ್ರ ತರಬೇಡಿ, ಮನೆಯಲ್ಲಿ ದಿನಾ ಆಡುವ ಹತ್ತು ಮಾತು ಕನ್ನಡದಲ್ಲಿ ಬರೆದು ತನ್ನಿ ಅಂದಿದ್ದೇನೆ. ನಿನ್ನೆ ಶುರುವಾಯಿತು. ಜರ್ಮನ್ ಉಚ್ಚಾರ ತಿದ್ದುವ ಕೆಲಸ ನನ್ನ ಮಗನದು, ಅದು ನನಗಿಂತ ಅವನಿಗೇ ಚೆನ್ನಾಗಿ ಬರುತ್ತದೆ. ಪ್ರತಿ ಮಾತು ತಿದ್ದಿದ ಮೇಲೆ ಆ ಮಾತನ್ನು ಅವನು ಕನ್ನಡದಲ್ಲಿ ಹೇಳಬೇಕು, ಗುರುಮಠಕಲ್ಲಿನ ಹುಡುಗಿಯರು ತಿದ್ದುತ್ತಾರೆ. ಅವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತು ಎರಡೂ ಕೇಳಿಸಿಕೊಳ್ಳುತ್ತಾಳೆ.