ಬ್ರಾಂಡೆಡ್ ಕಂಪ್ಯೂಟರಿನ ಎಸ್‌ಎಂಪಿಎಸ್ ಹೊಸ ಗ್ರಾಫಿಕ್ಸ್ ಕಾರ್ಡನ್ನು ತಾಳೀತೇ? ನನ್ನ ಅನುಭವ

ಮಗ ಬ್ಲೆಂಡರ್ ಎಂಬ 3ಡಿ ಚಿತ್ರಣದ ತಂತ್ರಾಂಶ ಕಲಿಯಲೆಂದು ನಮ್ಮ ಮನೆಯ ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾಯಿತು. ಕಚೇರಿಯೊಂದರಲ್ಲಿ ದುಡಿದು, ಬೆಂಗಳೂರಿನ ಎಸ್.ಪಿ. ರಸ್ತೆಯ ಮೂಲಕ ನಮ್ಮ ಮನೆ ಸೇರಿದ ಯಂತ್ರವದು. ಕಾರ್ಡಿನ ಬೆಲೆ ವಿಚಾರಿಸುವುದಕ್ಕೆ ಮೊದಲೇ ಪಕ್ಕದ ಮುಚ್ಚಳ ತೆಗೆದು, ಎಸ್‌ಎಂಪಿಎಸ್, ಅಂದರೆ ಯಂತ್ರದ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿದೆ.

ಚೀಟಿಯಲ್ಲಿ ಒಟ್ಟು 290 ವ್ಯಾಟ್ ಎಂದಿತ್ತು. ಈ ಅಂಕಿಗಿಂತಲೂ 12 ವೋಲ್ಟ್ ಸಾಲುಗಳ ಮುಂದೆ ನಮೂದಿಸಿರುವ ಆಂಪಿಯರ್ ಮುಖ್ಯ, ಏಕೆಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಿನ ವಿದ್ಯುತ್ತನ್ನು ಅಲ್ಲಿಂದಲೇ ಎಳೆಯುತ್ತವೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 450 ವ್ಯಾಟಿನ ಎಸ್‌ಎಂಪಿಎಸ್‌ಗಿಂತ ಇಂತಹ ಕಚೇರಿ ಯಂತ್ರದ 290 ವ್ಯಾಟನ್ನೇ ನಾನು ಹೆಚ್ಚು ನಂಬುತ್ತೇನೆ.

ಲೆಕ್ಕ ಸರಳವಾಗಿತ್ತು. ಐ5-4590 ಪ್ರೊಸೆಸರಿಗೆ 84 ವ್ಯಾಟ್, ಮದರ್‌ಬೋರ್ಡ್, ಡಿಸ್ಕ್ ಮತ್ತು ಫ್ಯಾನುಗಳಿಗೆ ಧಾರಾಳವಾಗಿ 50 ವ್ಯಾಟ್ ಎಂದಿಟ್ಟುಕೊಂಡರೆ, 125 ವ್ಯಾಟಿನ ಜಿಟಿಎಕ್ಸ್ 1660 ಸೂಪರ್ ಎಂಬ ಗ್ರಾಫಿಕ್ಸ್ ಕಾರ್ಡ್ ಸೇರಿದಾಗ ಮೊತ್ತ 259 ಆಗುತ್ತದೆ. ಕ್ಷಣಮಾತ್ರದ ಏರಿಳಿತಗಳಿಗೆ ಆಗ ಜಾಗವೇ ಉಳಿಯುವುದಿಲ್ಲ. ಅಲ್ಲದೆ ಆ ಕಾರ್ಡಿಗೆ ಬೇಕಾದ 8 ಪಿನ್ನಿನ ತಂತಿಯೂ ನನ್ನ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲ.

ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ತಂತಿಯಿಂದ ಅಡಾಪ್ಟರ್ ಹಾಕಿಕೊಳ್ಳಬಹುದೆಂದು ಅಂಗಡಿಯವರೊಬ್ಬರು ಸೂಚಿಸಿದರು, ನಾನು ಒಪ್ಪಲಿಲ್ಲ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರೇ ಪಿನ್ನುಗಳಿದ್ದು, ಒಂದೊಂದೂ 1.5 ಆಂಪಿಯರ್ ತಾಳುವುದರಿಂದ ಸಿಗುವುದು 54 ವ್ಯಾಟ್ ಮಾತ್ರ. 8 ಪಿನ್ನಿನದಿರಲಿ, 6 ಪಿನ್ನಿನ ಕಾರ್ಡ್ ಕೂಡ ಅದೇ ತಂತಿಯಿಂದ 75 ವ್ಯಾಟ್ ಕೇಳಬಹುದು. ಮೇಲಾಗಿ ಈ ಮಾದರಿಯಲ್ಲಿ ಡಿಸ್ಕಿನ ವಿದ್ಯುತ್ತು ಮದರ್‌ಬೋರ್ಡಿನ ಮೂಲಕವೇ ಹಾದು ಬರುತ್ತದೆ. ಪ್ಲಾಸ್ಟಿಕ್ ಕರಗಿದರೆ ಬೋರ್ಡೂ ಉಳಿಯುವುದು ಅನುಮಾನ. ಎಸ್‌ಎಂಪಿಎಸ್ಸನ್ನೇ ಬದಲಿಸೋಣವೆಂದರೆ, ಬೋರ್ಡಿನಲ್ಲಿರುವುದು ಸಾಮಾನ್ಯ 24 ಪಿನ್ನಿನ ಬದಲು ಡೆಲ್‌ನದೇ 8 ಪಿನ್ನಿನ ಜೋಡಣೆ. ಅದಕ್ಕೆ ಪ್ರತ್ಯೇಕ ಪರಿವರ್ತಕ ತಂತಿ ಬೇಕು.

ಹೀಗಾಗಿ ಎಸ್‌ಎಂಪಿಎಸ್‌ಗೆ ಹೊಂದುವ ಕಾರ್ಡನ್ನೇ ಹುಡುಕಿದೆ. ಮದರ್‌ಬೋರ್ಡಿನಲ್ಲಿ ಕಾರ್ಡನ್ನು ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಜಿಟಿಎಕ್ಸ್ 1650 ಅಷ್ಟರಲ್ಲೇ ನಡೆಯುತ್ತದೆ. ಆದರೆ ಅದೇ ಹೆಸರಿನ ಕೆಲವು ಕಾರ್ಡುಗಳಲ್ಲಿ 6 ಪಿನ್ನಿನ ಕನೆಕ್ಟರ್ ಇರುವುದರಿಂದ, ಪೆಟ್ಟಿಗೆ ತೆರೆಸಿ ಕಾರ್ಡಿನ ಮೇಲಂಚನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಟ್ಟೆ.

ಪ್ರೊಸೆಸರ್ ಮತ್ತು ಕಾರ್ಡ್ ಎರಡಕ್ಕೂ ಪೂರ್ಣ ಹೊರೆ ಹಾಕಿದಾಗ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಮೀಟರ್ ಸುಮಾರು 190 ವ್ಯಾಟ್ ತೋರಿಸಿತು. ಮೀಟರ್ ಅಳೆಯುವುದು ಒಳಹೋಗುವ ವಿದ್ಯುತ್ತನ್ನು, ಚೀಟಿ ಹೇಳುವುದು ಹೊರಬರುವುದನ್ನು, ಶೇ. 85ರ ದಕ್ಷತೆ ಹಿಡಿದರೆ ನಿಜವಾದ ಹೊರೆ 160ರ ಆಸುಪಾಸು. ಇಂದು ಕೊಳ್ಳುವವರು 70 ವ್ಯಾಟಿನ, 6 ಜಿಬಿ ಆರ್‌ಟಿಎಕ್ಸ್ 3050 ಅನ್ನೂ ಪರಿಶೀಲಿಸಬಹುದು. ಆದರೆ ಅದೇ ಹೆಸರಿನ 8 ಜಿಬಿ ಕಾರ್ಡ್ 130 ವ್ಯಾಟ್ ಎಳೆಯುತ್ತದೆ, ಅದಕ್ಕೆ ಪ್ರತ್ಯೇಕ ತಂತಿಯೂ ಬೇಕು.