ಪಿಎಚ್‌ಸಿಯ ತಿಂಗಳ ವರದಿ: ರಿಜಿಸ್ಟರ್‌ನಿಂದ ಪೋರ್ಟಲ್‌ವರೆಗೆ

ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಮತ್ತು ಅದರ ಉಪಕೇಂದ್ರಗಳು ಪ್ರತಿ ತಿಂಗಳು ಸೇವೆಗಳ ಲೆಕ್ಕ ಕೊಡುವ ಎಚ್‌ಎಂಐಎಸ್ ಫಾರ್ಮಿನಲ್ಲಿ ತಿಂಗಳ ಕೊನೆಗೆ ಸಿಕ್ಕಿಬೀಳುವ ತಪ್ಪುಗಳು ಬಹುತೇಕ ಹುಟ್ಟುವುದು ಕಂಪ್ಯೂಟರಿಗಿಂತ ಎಷ್ಟೋ ದಿನ ಮೊದಲು. ತಾಂಡಾದ ಕಟ್ಟೆ ಮೇಲೆ ಕೂತು ತಾಯಿ ಕಾರ್ಡ್ ಬರೆಯುವಾಗ, ಹೆರಿಗೆ ಕೋಣೆಯಲ್ಲಿ ಕೂಸು ತೂಗುವಾಗ, ಲಸಿಕೆ ಹಾಕಿ ಮುಗಿಸಿ "ಸಂಜೀಕ ಬರಕೊಂಡರಾಯ್ತು" ಅಂದುಕೊಂಡಾಗ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಉಪಕೇಂದ್ರದ ಸಿಸ್ಟರ್‌ಗಳು, ಸಮುದಾಯ ಆರೋಗ್ಯ ಅಧಿಕಾರಿಗಳು (ಸಿಎಚ್‌ಒ), ಡಾಟಾ ಎಂಟ್ರಿ ಮಾಡುವವರು, ಹೊಸದಾಗಿ ಬಂದ ವೈದ್ಯಾಧಿಕಾರಿಗಳು ಈ ಕೆಲಸವನ್ನು ರಿಜಿಸ್ಟರ್‌ನಿಂದಲೇ ಶುರು ಮಾಡಬೇಕು.

ಈ ಅಂಕಿಗಳ ತೂಕ ದೊಡ್ಡದು. ಯಾದಗಿರಿ 2018ರಿಂದ ಆಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದ ಜಿಲ್ಲೆಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ ಕಾರ್ಯಕ್ರಮದ, ಪಟ್ಟಿಯಲ್ಲಿದೆ. ಆ ಕಾರ್ಯಕ್ರಮದ ಅಂಕಗಳಲ್ಲಿ ಶೇ 30ರಷ್ಟು ಆರೋಗ್ಯ ಮತ್ತು ಪೋಷಣೆಯದು. ಬೇಗ ಗರ್ಭಿಣಿ ನೋಂದಣಿ, ಆಸ್ಪತ್ರೆ ಹೆರಿಗೆ, ಕಡಿಮೆ ತೂಕದ ಕೂಸು, ಇವೆಲ್ಲ ಅದರಲ್ಲಿ ಬರುತ್ತವೆ. ಅಂಕ ಚೆನ್ನಾಗಿ ಬರಲಿ ಎಂದು ರಕ್ತ ಕಡಿಮೆ ಇರುವ ಹತ್ತು ಜನ ತಾಯಂದಿರನ್ನು ನಾಲ್ಕು ಮಾಡಿ ಬರೆದರೆ ಆರು ಜನ ಲೆಕ್ಕದಿಂದಲೇ ಮಾಯವಾಗುತ್ತಾರೆ. ಅವರಿಗೆ ಬೇಕಾದ ಐರನ್ ಸುಕ್ರೋಸ್ ಚುಚ್ಚುಮದ್ದು ಔಷಧ ಬೇಡಿಕೆಯ ಪಟ್ಟಿಯಲ್ಲಿ (ಇಂಡೆಂಟ್) ಇರುವುದಿಲ್ಲ.

ಯಾವ ಲೆಕ್ಕ ಎಲ್ಲಿಗೆ

ಎಚ್‌ಎಂಐಎಸ್ ಎಣಿಸುವುದು ನಿಮ್ಮ ಕೇಂದ್ರದಲ್ಲಿ ನಡೆದ ಸೇವೆಯನ್ನು. ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್ ಹಿಂಬಾಲಿಸುವುದು ಹೆಸರು ಹಿಡಿದು ಒಬ್ಬ ತಾಯಿಯನ್ನು, ಒಂದು ಕೂಸನ್ನು. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡೂ ಪೋರ್ಟಲ್‌ಗಳ ಸಂಖ್ಯೆ ಒಂದೇ ಇರಬೇಕೆಂದು ತಿದ್ದಿ ಕೂಡಿಸುವುದು ಬಹಳ ಕಡೆ ನಡೆಯುತ್ತದೆ. ಅದನ್ನು ಮಾಡಬೇಡಿ. ನಿಮ್ಮ ಉಪಕೇಂದ್ರದ ಹೆಣ್ಣುಮಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತರೆ ಎಚ್‌ಎಂಐಎಸ್‌ನಲ್ಲಿ ಆ ಹೆರಿಗೆ ತಾಲ್ಲೂಕು ಆಸ್ಪತ್ರೆಯ ಫಾರ್ಮಿಗೆ ಹೋಗುತ್ತದೆ. ಆರ್‌ಸಿಎಚ್‌ನಲ್ಲಿ ಆಕೆಯ 12 ಅಂಕಿಯ ಐಡಿಯ ಎದುರು ನೀವೇ ಹೆರಿಗೆಯ ವಿವರ ತುಂಬಬೇಕು. ಮನೆಯಲ್ಲೇ ಆದ ಹೆರಿಗೆ ಮಾತ್ರ ನಿಮ್ಮ ಉಪಕೇಂದ್ರದ ಎಚ್‌ಎಂಐಎಸ್ ಲೆಕ್ಕಕ್ಕೆ ಸೇರುತ್ತದೆ.

ಉಳಿದವು ಚುಟುಕಾಗಿ: ಜ್ವರ, ವಾಂತಿಭೇದಿಯಂಥ ರೋಗಗಳು ರೋಗ ಕಣ್ಗಾವಲಿನ ಪೋರ್ಟಲ್ ಐಎಚ್‌ಐಪಿಗೆ. ಅದರಲ್ಲಿ ಕ್ಷೇತ್ರ ಸಿಬ್ಬಂದಿಯದು ಎಸ್ ಫಾರ್ಮ್, ವೈದ್ಯರದು ಪಿ, ಪ್ರಯೋಗಾಲಯದ್ದು ಎಲ್. ಇದಕ್ಕೆ ತಿಂಗಳ ಕೊನೆ ಕಾಯುವಂತಿಲ್ಲ. ಒಂದೇ ಓಣಿಯಲ್ಲಿ ನಾಲ್ಕೈದು ಜನಕ್ಕೆ ಭೇದಿ ಶುರುವಾದ ದಿನವೇ ಬರೆದು, ಫೋನ್ ಕೂಡ ಮಾಡಿ. ಕ್ಷಯ ರೋಗಿಗಳು ನಿಕ್ಷಯ್‌ಗೆ, ಲಸಿಕೆ ದಾಸ್ತಾನು ಮತ್ತು ಫ್ರಿಜ್ ತಾಪಮಾನ ಇ-ವಿನ್‌ಗೆ, ಮಗುವಿನ ಹೆಸರಿನ ಲಸಿಕೆ ದಾಖಲೆ ಯು-ವಿನ್‌ಗೆ, ಜನನ ಮರಣ ನೋಂದಣಿ ಇ-ಜನ್ಮಕ್ಕೆ. ಜನನ ನೋಂದಣಿಗೆ 21 ದಿನದ ಗಡುವಿದೆ.

ಎಳ್ಳಮಾಸಿ ಲೆಕ್ಕ

ಇಡೀ ಗರ್ಭಿಣಿ ದಾಖಲೆ ನಿಂತಿರುವುದು ಕೊನೆಯ ಮುಟ್ಟಿನ ದಿನಾಂಕದ ಮೇಲೆ. 12 ವಾರದೊಳಗಿನ ನೋಂದಣಿಯೋ ಅಲ್ಲವೋ, ಮುಂದಿನ ತಪಾಸಣೆ ಯಾವಾಗ, ಹೆರಿಗೆ ಯಾವಾಗ, ಎಲ್ಲವೂ ಅದರಿಂದಲೇ. ಅದನ್ನೇ ಅಂದಾಜಿನಲ್ಲಿ "ತಿಂಗಳ 1ನೇ ತಾರೀಖು" ಅಥವಾ "15" ಎಂದು ಬರೆದಿರುವ ರಿಜಿಸ್ಟರ್‌ಗಳು ಬೇಕಾದಷ್ಟು ಸಿಗುತ್ತವೆ.

ನಮ್ಮ ಭಾಗದ ಹೆಣ್ಣುಮಕ್ಕಳಿಗೆ ತಾರೀಖು ನೆನಪಿಲ್ಲದಿದ್ದರೂ ಹಬ್ಬ ನೆನಪಿರುತ್ತದೆ. ಹಾಗಾಗಿ ಆ ವರ್ಷದ ಕ್ಯಾಲೆಂಡರ್ ಚೀಲದಲ್ಲೇ ಇರಲಿ. ನಾಗರಪಂಚಮಿ, ದಸರಾ, ದೀಪಾವಳಿ, ಎಳ್ಳಮಾಸಿ (ಎಳ್ಳ ಅಮಾವಾಸ್ಯೆ), ಹೋಳಿ, ಶರಣಬಸವೇಶ್ವರ ಜಾತ್ರೆ, ಯುಗಾದಿ, ರಂಜಾನ್, ಮೊಹರಂ, ಊರ ದೇವರ ಜಾತ್ರೆ ಇವಕ್ಕೆ ಗುರುತು ಹಾಕಿಟ್ಟುಕೊಳ್ಳಿ. "ಎಳ್ಳಮಾಸಿ ಆಗಿ ಎಂಟ್ ದಿನಕ್ಕ ಹೊರಗಾಗಿದ್ದೆ ರೀ" ಎಂದು ಆಕೆ ಹೇಳಿದಳು ಎನ್ನಿ. 2024ರ ಎಳ್ಳಮಾಸಿ ಡಿಸೆಂಬರ್ 30ಕ್ಕಿತ್ತು. ಎಂಟು ದಿನ ಕೂಡಿಸಿದರೆ ಕೊನೆಯ ಮುಟ್ಟು 2025ರ ಜನವರಿ 7. ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ನಿರೀಕ್ಷಿತ ದಿನ ಅಕ್ಟೋಬರ್ 14. 12 ವಾರ ತುಂಬುವುದು ಏಪ್ರಿಲ್ 1ಕ್ಕೆ. ಆಕೆಯನ್ನು ಮಾರ್ಚ್ 20ಕ್ಕೆ ನೋಂದಾಯಿಸಿದರೆ ಮೊದಲ ತ್ರೈಮಾಸಿಕದ ಕಾಲಮಿಗೆ ಸೇರುತ್ತಾಳೆ, ಏಪ್ರಿಲ್ 20ಕ್ಕಾದರೆ ಇಲ್ಲ. ಮುಂದೆ ಸ್ಕ್ಯಾನಿಂಗ್‌ನಲ್ಲಿ ಬೇರೆ ದಿನಾಂಕ ಬಂದರೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಬರೆಯಿರಿ, ಯಾವುದು ಸ್ಕ್ಯಾನಿಂಗ್‌ನದು ಎಂದು ನಮೂದಿಸಿ.

ವಯಸ್ಸಿನ ಮಾತು ಇನ್ನೂ ಗಂಭೀರ. ಹದಿನೇಳರ ಹುಡುಗಿಯನ್ನು ಮನೆಯವರು ಹೇಳಿದರೆಂದು 19 ಎಂದು ಬರೆದರೆ ಹೆಚ್ಚಿನ ಅಪಾಯದ ಗರ್ಭಿಣಿಯರ ಪಟ್ಟಿಯಿಂದ ಆಕೆ ಹೊರಗುಳಿಯುತ್ತಾಳೆ. ಅಪಾಯ ಮಾತ್ರ ಹಾಗೇ ಉಳಿಯುತ್ತದೆ. ನಿಜ ವಯಸ್ಸು ಬರೆದು ವೈದ್ಯಾಧಿಕಾರಿಗೆ ತಿಳಿಸಿ. 18 ತುಂಬದವಳ ಬಸಿರು ಪೊಕ್ಸೊ ಕಾಯ್ದೆಯಡಿ ಬರುವುದರಿಂದ ಪೊಲೀಸರಿಗೆ ತಿಳಿಸುವ ಹೊಣೆ ವೈದ್ಯಾಧಿಕಾರಿಯೊಬ್ಬರದೇ ಅಲ್ಲ, ಗೊತ್ತಾದ ಎಲ್ಲರದ್ದೂ.

ಒಂದೇ ಸಲ ಎಣಿಸಬೇಕಾದವು

ವರದಿ ಉಬ್ಬುವುದು ಇಲ್ಲಿಯೇ. ನಾಲ್ಕು ತಪಾಸಣೆ ಪೂರೈಸಿದವರ ಕಾಲಮಿನಲ್ಲಿ ತಾಯಿಯನ್ನು ಎಣಿಸುವುದು ಆಕೆಯ ನಾಲ್ಕನೇ ತಪಾಸಣೆ ಆದ ತಿಂಗಳಲ್ಲಿ ಮಾತ್ರ. ಐದನೆಯದು, ಆರನೆಯದು ಆದಾಗ ಮತ್ತೆ ಸೇರಿಸುವಂತಿಲ್ಲ. ಕಬ್ಬಿಣಾಂಶದ 180 ಮಾತ್ರೆಯೂ ಹಾಗೆಯೇ. ತಿಂಗಳಿಗೆ 30ರಂತೆ ಕೊಟ್ಟರೆ ಆರನೇ ಕಂತು ಕೈಗಿಟ್ಟ ತಿಂಗಳಲ್ಲಿ ಒಂದು ಅಂಕಿ, ಅಷ್ಟೇ. ಗರ್ಭಿಣಿ ನೋಂದಣಿಯೂ ಒಂದು ಬಸಿರಿಗೆ ಒಂದೇ.

ಮರೆಯದಿರಲು ಸುಲಭ ದಾರಿ: ಎಣಿಸಿದ ಕೂಡಲೇ ರಿಜಿಸ್ಟರ್‌ನ ಆ ಚೌಕಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಒಳಗೆ ತಿಂಗಳ ಅಂಕಿ ಬರೆಯಿರಿ. ಸುತ್ತು ಬಿದ್ದದ್ದನ್ನು ಮುಂದಿನ ತಿಂಗಳು ಮುಟ್ಟಬೇಡಿ.

ಪೂರ್ಣ ಲಸಿಕೆ ಪಡೆದ ಮಕ್ಕಳ ಲೆಕ್ಕಕ್ಕೆ ಎರಡು ಷರತ್ತು ಕೂಡಿಬರಬೇಕು. ಬಿಸಿಜಿ, ಪೋಲಿಯೊ ಮೂರು ಡೋಸ್, ಪೆಂಟಾ (ಐದು ರೋಗಗಳ ವಿರುದ್ಧದ ಲಸಿಕೆ) ಮೂರು ಡೋಸ್, ಮೊದಲ ಎಂಆರ್ (ದಡಾರ-ರುಬೆಲ್ಲಾ) ಎಲ್ಲ ಆಗಿರಬೇಕು, ಮಗುವಿಗೆ ವರ್ಷ ತುಂಬಿರಬಾರದು. ಎಂಆರ್ ಹಾಕಿದ ಕೂಡಲೇ "ಪೂರ್ಣ" ಎಂದು ಗೀಟು ಹಾಕುವ ಮೊದಲು ಹಿಂದಿನ ಚೌಕಗಳನ್ನು ನೋಡಿ. ಮೂರನೇ ಪೆಂಟಾ ಖಾಲಿ ಇರುವುದು ಆಗಲೇ ಕಣ್ಣಿಗೆ ಬೀಳುತ್ತದೆ. ಹದಿಮೂರನೇ ತಿಂಗಳಲ್ಲಿ ಎಂಆರ್ ಪಡೆದ ಮಗು ವರ್ಷ ಮೀರಿದವರ ಕಾಲಮಿಗೆ.

ಕೂಸಿನ ತೂಕ

ಯಾವುದೇ ಹೆರಿಗೆ ರಿಜಿಸ್ಟರ್ ತೆರೆದು ತೂಕದ ಕಾಲಂ ಮೇಲಿನಿಂದ ಕೆಳಗೆ ಓದಿ. 2.5, 3.0, 2.5, 2.5, 2.8, 2.5, 3.0 ಎಂದು ಸಾಲು ಹೋಗುತ್ತಿದ್ದರೆ ಅಲ್ಲಿ ತೂಗುವುದಕ್ಕಿಂತ ಅಂದಾಜು ಮಾಡುವುದೇ ಹೆಚ್ಚು. 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಕೂಸು. 2,460 ತೂಗಿದ್ದನ್ನು ದುಂಡಾಗಿಸಿ 2.5 ಎಂದು ಬರೆದರೆ ಆ ಕೂಸು ಸಾಮಾನ್ಯ ತೂಕದವರ ಸಾಲಿಗೆ ಸೇರಿ, ಮನೆಗೆ ಹೋದ ಮೇಲೆ ಸಿಗಬೇಕಾದ ವಿಶೇಷ ಭೇಟಿ ತಪ್ಪುತ್ತದೆ.

ತಕ್ಕಡಿಯನ್ನು ಸಮತಟ್ಟಾದ ಜಾಗದಲ್ಲಿಡಿ. ಒಣ ಬಟ್ಟೆ ಹಾಸಿ, ಆಮೇಲೆ ಸೊನ್ನೆಗೆ ತನ್ನಿ. ಬಟ್ಟೆ ಹಾಸುವ ಮೊದಲೇ ಸೊನ್ನೆ ಮಾಡಿದರೆ ಬಟ್ಟೆಯ ತೂಕವೂ ಕೂಸಿನ ಲೆಕ್ಕಕ್ಕೆ ಸೇರುತ್ತದೆ. ಅಂಕಿ ನಿಂತ ಮೇಲೆ ಗ್ರಾಂನಲ್ಲೇ ಬರೆಯಿರಿ: 2,460. ಸೆಲ್ ಮುಗಿಯುವ ಹೊತ್ತಿಗೆ ತಕ್ಕಡಿ ತಪ್ಪು ತೋರಿಸುತ್ತದೆ, ಆದ್ದರಿಂದ ಒಂದು ಜೊತೆ ಸೆಲ್ ಹೆರಿಗೆ ಕೋಣೆಯ ಕಪಾಟಿನಲ್ಲೇ ಇರಲಿ.

ಹುಟ್ಟಿ ಒಂದೇ ಉಸಿರು ಎಳೆದು ತೀರಿಕೊಂಡ ಕೂಸೂ ಜೀವಂತ ಜನನವೇ. ಅದನ್ನು ಜೀವಂತ ಜನನ ಎಂದು ಎಣಿಸಿ, ನವಜಾತ ಶಿಶು ಮರಣ ಎಂದೂ ಬರೆದು ಎರಡನ್ನೂ ನೋಂದಾಯಿಸಬೇಕು. ಕೆಲಸ ಕಡಿಮೆಯಾಗಲಿ ಎಂದೋ ವಿಚಾರಣೆ ಬರುತ್ತದೆ ಎಂದೋ ಇದನ್ನು ಸತ್ತು ಹುಟ್ಟಿದ್ದು ಎಂದು ಬರೆದರೆ, ಉಸಿರು ಕೊಡುವ ಚೀಲ ಮತ್ತು ಮಾಸ್ಕ್ ಕೈಗೆ ಸಿಗುವಂತಿತ್ತೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

ತವರು ಮತ್ತು ಗುಳೆ

ಮೊದಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಗಂಡನ ಊರಲ್ಲಿ ಒಮ್ಮೆ, ತವರಲ್ಲಿ ಒಮ್ಮೆ ನೋಂದಣಿಯಾಗಿ ಒಬ್ಬಳೇ ತಾಯಿ ಇಬ್ಬರಾಗುತ್ತಾಳೆ. ತವರಿನ ಸಿಸ್ಟರ್ ಮೊದಲು ತಾಯಿ ಕಾರ್ಡ್ ಕೇಳಬೇಕು. ಕಾರ್ಡ್ ಮರೆತು ಬಂದಿದ್ದರೆ ಗಂಡನ ಮನೆಯವರಿಂದ ಕಾರ್ಡಿನ ಫೋಟೊ ತರಿಸಿ, ಅದೇ ಐಡಿಯಲ್ಲಿ ಸೇವೆ ದಾಖಲಿಸಬೇಕು. ಗಡಿ ತಾಲ್ಲೂಕುಗಳಾದ ಔರಾದ್, ಬಸವಕಲ್ಯಾಣ, ಆಳಂದ, ಗುರುಮಠಕಲ್‌ಗಳಲ್ಲಿ ತವರು ಮಹಾರಾಷ್ಟ್ರದಲ್ಲೋ ತೆಲಂಗಾಣದಲ್ಲೋ ಇರುವುದುಂಟು. ಆರ್‌ಸಿಎಚ್ ದೇಶಕ್ಕೆಲ್ಲ ಇರುವ ವ್ಯವಸ್ಥೆಯಾದ್ದರಿಂದ ಕಾರ್ಡಿನ ಮೇಲೆ ಆ ಐಡಿ ಇದೆಯೇ ನೋಡಿ.

ತೊಗರಿ ರಾಶಿ ಮುಗಿದು ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋದಾಗ ರಿಜಿಸ್ಟರ್‌ನಲ್ಲಿ ಹೆಸರು ಹೊಡೆದು ಹಾಕಬೇಡಿ. ಹೋದ ದಿನ, ಹೋದ ಊರು, ಅಲ್ಲಿ ಸಿಗುವ ಫೋನ್ ಸಂಖ್ಯೆ ಷರಾ ಕಾಲಮಿನಲ್ಲಿರಲಿ. ಕ್ಷಯ ರೋಗಿ ಹೊರಟರೆ ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡಿ. ಹೋದ ಊರಲ್ಲಿ ಹೊಸ ಐಡಿ ಮಾಡಿದರೆ ಚಿಕಿತ್ಸೆಯ ಎಳೆ ತುಂಡಾಗುತ್ತದೆ, 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿರುವ ಪೋಷಣಾ ಹಣಕ್ಕೂ ತೊಡಕಾಗುತ್ತದೆ.

ಹೆಸರು ಒಂದೇ ಇರುವ ಊರುಗಳ ಮುಂದಿನ (ಕೆ), (ಬಿ) ಅಕ್ಷರ ಬಿಡಬೇಡಿ. ಖುರ್ದ್ (ಕೆ) ಬೇರೆ ಊರು, ಬುಜುರ್ಗ್ (ಬಿ) ಬೇರೆ ಊರು. ತಾಂಡಾ ಇದ್ದರೆ ತಾಂಡಾದ ಹೆಸರೂ ಬೇಕು.

ಲೆಕ್ಕ ಮುಗಿಸುವ ದಿನ

ತಿಂಗಳ ಕೊನೆಯ ದಿನ ಸಂಜೆ ಲೆಕ್ಕ ನಿಲ್ಲಿಸಿ, ಪ್ರತಿ ರಿಜಿಸ್ಟರ್‌ನಲ್ಲಿ ಕೊನೆಯ ಹೆಸರಿನ ಕೆಳಗೆ ಅಡ್ಡಗೆರೆ ಎಳೆಯಿರಿ. ಮರುದಿನ ಗೀಟು ಹಾಕಿ ಎಣಿಸುವ ಹಾಳೆ (ಟ್ಯಾಲಿ ಶೀಟ್) ಹಿಡಿದು ಇಬ್ಬರು ಕೂತುಕೊಳ್ಳಿ, ಒಬ್ಬರು ಓದಲಿ, ಒಬ್ಬರು ಗೀಟು ಹಾಕಲಿ. ಒಬ್ಬರೇ ಮಾಡಿದರೆ ಪುಟ ತಿರುವುವಾಗ ಸಾಲು ತಪ್ಪುತ್ತದೆ. ಆಮೇಲೆ, ಪೋರ್ಟಲ್ ತೆರೆಯುವ ಮುಂಚೆ, ಕಾಗದದ ಮೇಲೇ ಈ ಹೊಂದಾಣಿಕೆ ನೋಡಿ:

- ಜೀವಂತ ಜನನ ಮತ್ತು ಸತ್ತು ಹುಟ್ಟಿದ್ದು ಕೂಡಿದರೆ ಹೆರಿಗೆಗಳ ಸಂಖ್ಯೆ ಬರಬೇಕು. ಅವಳಿ ಇದ್ದರೆ ಅಷ್ಟು ಹೆಚ್ಚು. 19 ಹೆರಿಗೆ, ಒಂದು ಅವಳಿ, ಒಂದು ಸತ್ತು ಹುಟ್ಟಿದ್ದು ಎಂದರೆ ಜೀವಂತ ಜನನ 19.
- ತೂಗಿದ ಕೂಸುಗಳು ಜೀವಂತ ಜನನವನ್ನು ಮೀರಬಾರದು. 12 ವಾರದೊಳಗಿನ ನೋಂದಣಿ ಒಟ್ಟು ನೋಂದಣಿಯನ್ನು ಮೀರಬಾರದು.
- ಆರು ವಾರಕ್ಕೆ ಮೊದಲ ಪೆಂಟಾ, ಪೋಲಿಯೊ, ರೋಟಾ ಒಂದೇ ದಿನ ಕೊಡುತ್ತೇವೆ. ಪೆಂಟಾ 22, ರೋಟಾ 9 ಎಂದಿದ್ದರೆ ರೋಟಾ ದಾಸ್ತಾನು ಮುಗಿದಿತ್ತೇ ಎಂದು ಇ-ವಿನ್‌ನಲ್ಲಿ ನೋಡಿ. ದಾಸ್ತಾನು ಇತ್ತೆಂದರೆ ಎಣಿಕೆ ತಪ್ಪಿದೆ.
- ಪೆಂಟಾ ಸೀಸೆಗೆ 10 ಡೋಸ್. ನಾಲ್ಕು ಸೀಸೆ ಖರ್ಚು ತೋರಿಸಿ 52 ಡೋಸ್ ಹಾಕಿದ್ದೇವೆ ಎನ್ನಲಾಗದು.

ಇನ್ನೊಂದು ಅಂದಾಜು ಕೈಯಲ್ಲಿರಲಿ. 5,000 ಜನಸಂಖ್ಯೆಯ ಉಪಕೇಂದ್ರದಲ್ಲಿ ಜನನ ಪ್ರಮಾಣ ಸಾವಿರಕ್ಕೆ 20 ಎಂದು ಹಿಡಿದರೆ ವರ್ಷಕ್ಕೆ 100 ಜನನ. ಗರ್ಭಪಾತ ಮುಂತಾದವಕ್ಕೆ ಶೇ 10 ಸೇರಿಸಿದರೆ 110 ಗರ್ಭಿಣಿಯರು, ತಿಂಗಳಿಗೆ ಸುಮಾರು 9 ಹೊಸ ನೋಂದಣಿ. ಮೂರು ತಿಂಗಳು ಸತತ ನಾಲ್ಕೇ ಬಂದರೆ ಯಾವುದೋ ತಾಂಡಾಕ್ಕೋ ಇಟ್ಟಿಗೆ ಭಟ್ಟಿಗೋ ಯಾರೂ ಹೋಗಿಲ್ಲ ಎಂದೇ ಮೊದಲು ಅನುಮಾನಿಸಿ. ಆದರೆ ಈ 9 ಬಂದ ಸಂಖ್ಯೆಯನ್ನು ಪರೀಕ್ಷಿಸುವುದಕ್ಕೆ ಮಾತ್ರ. ಫಾರ್ಮಿನಲ್ಲಿ ಅದನ್ನೇ ತುಂಬುವುದು ಸುಳ್ಳು ವರದಿ.

ಪೋರ್ಟಲ್‌ನಲ್ಲಿ

ಸೊನ್ನೆಗೂ ಖಾಲಿಗೂ ವ್ಯತ್ಯಾಸವಿದೆ. ಸೇವೆ ಇದ್ದು ಈ ತಿಂಗಳು ಯಾರೂ ಬಂದಿಲ್ಲವಾದರೆ ಸೊನ್ನೆ. ಖಾಲಿ ಬಿಟ್ಟರೆ ವರದಿಯೇ ಬಂದಿಲ್ಲ ಎಂದರ್ಥ. ಗಡುವಿನ ಕೊನೆಯ ದಿನ ಎಲ್ಲರೂ ಒಟ್ಟಿಗೆ ಕೂರುವುದರಿಂದ ಪುಟ ತೆರೆಯುವುದಿಲ್ಲ, ಕರೆಂಟೂ ಅದೇ ಹೊತ್ತಿಗೆ ಹೋಗುತ್ತದೆ. ಎರಡು ದಿನ ಮುಂಚೆ, ಬೆಳಗ್ಗೆ ಬೇಗ ಕೂತು, ಒಂದೊಂದು ಭಾಗ ಮುಗಿದಂತೆ ಸೇವ್ ಮಾಡಿ. ಪೋರ್ಟಲ್ ಎಚ್ಚರಿಕೆ ತೋರಿಸಿದರೆ ಅದು ಹೋಗಲಿ ಎಂದು ಅಂಕಿ ಬದಲಿಸಬೇಡಿ, ರಿಜಿಸ್ಟರ್‌ಗೆ ಹೋಗಿ. ಅಂಕಿ ನಿಜವಿದ್ದರೆ ಕಾರಣ ಬರೆದಿಡಿ.

ವರದಿ ಲಾಕ್ ಆದ ಮೇಲೆ ತಪ್ಪು ಸಿಕ್ಕಿತೇ? ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಬರೆದು ತಿದ್ದಿಸಿ. ಈ ತಿಂಗಳು ಐದು ಹೆಚ್ಚಾಯಿತೆಂದು ಮುಂದಿನ ತಿಂಗಳು ಐದು ಕಡಿಮೆ ಬರೆದರೆ ಎರಡೂ ತಿಂಗಳು ಕೆಡುತ್ತವೆ.

ಮೊಬೈಲ್ ಸಂಖ್ಯೆಯ ಜಾಗದಲ್ಲಿ ಆಶಾ ಕಾರ್ಯಕರ್ತೆಯ ಸಂಖ್ಯೆಯನ್ನೇ ಇಪ್ಪತ್ತು ಮನೆಗೆ ಹಾಕುವುದು ನಿಲ್ಲಬೇಕು. ಒಟಿಪಿ, ಲಸಿಕೆಯ ನೆನಪಿನ ಸಂದೇಶ ಎಲ್ಲ ಅವರ ಫೋನಿಗೇ ಬಂದು ಬೀಳುತ್ತವೆ, ತಾಯಿಗೆ ತಲುಪುವುದಿಲ್ಲ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಯಾರದು ಎಂದು ಪಕ್ಕದಲ್ಲಿ ಬರೆಯಿರಿ. ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಗರ್ಭಪಾತದ ವಿವರ ಇರುವ ಹೆಸರುವಾರು ಪಟ್ಟಿಯ (ಲೈನ್ ಲಿಸ್ಟ್) ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಯಾವತ್ತೂ ಹೋಗಕೂಡದು. ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಮಾಹಿತಿ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ.

ಸಲ್ಲಿಸಿದ ಫಾರ್ಮಿನ ಒಂದು ಪ್ರತಿ ಮುದ್ರಿಸಿ, ವೈದ್ಯಾಧಿಕಾರಿಯ ಸಹಿ ಹಾಕಿಸಿ, ಟ್ಯಾಲಿ ಶೀಟ್ ಜೊತೆ ಪಿನ್ ಮಾಡಿ ಫೈಲಿನಲ್ಲಿಡಿ. ರಿಜಿಸ್ಟರ್ ಮುಚ್ಚುವ ಮುನ್ನ, ಮುಂದಿನ 30 ದಿನದಲ್ಲಿ ಹೆರಿಗೆ ಇರುವವರ ಹೆಸರು, ಮನೆ, ಹಿಂದಿನ ಹೆರಿಗೆ ಹೇಗಾಗಿತ್ತು, ಹಿಮೋಗ್ಲೋಬಿನ್ ಎಷ್ಟು ಎಂಬುದನ್ನು ಒಂದು ಹಾಳೆಗೆ ಇಳಿಸಿ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಇರುವವರ ಹೆಸರು ಮೇಲೆ ಬರಲಿ. ಆ ಹಾಳೆ ಅದೇ ದಿನ ಆಶಾ ಕಾರ್ಯಕರ್ತೆಯ ಕೈಗೆ ಹೋಗಬೇಕು.